ನೋವಿನ ಮಾತ್ರೆಯ ಜೊತೆ ಏನು ಸೇರಬಾರದು? ಓಪಿಯಾಯ್ಡ್ ತೆಗೆದುಕೊಳ್ಳುವವರಿಗೆ ಮತ್ತು ಅವರನ್ನು ನೋಡಿಕೊಳ್ಳುವವರಿಗೆ ಸಮಗ್ರ ಮಾರ್ಗದರ್ಶಿ

ಔಷಧಿ ಕೌಂಟರಿನ ಹಿಂದೆ ನಿಂತು ಕೆಲಸ ಮಾಡುವವಳು ನಾನು. ಒಂದು ಬೆಳಿಗ್ಗೆ ಬಂದ ಫೋನ್ ಇವತ್ತಿಗೂ ಕಿವಿಯಲ್ಲಿದೆ. "ಮೇಡಂ, ಅಪ್ಪನಿಗೆ ನೋವು ಪೂರ್ತಿ ಹೋದಂಗಿದೆ. ರಾತ್ರಿಯಿಂದ ಒಳ್ಳೇ ನಿದ್ದೆ, ಜೋರು ಗೊರಕೆ. ಹತ್ತೂವರೆ ಆಯ್ತು, ಇನ್ನೂ ಎದ್ದಿಲ್ಲ. ಬೆಳಗಿನ ಮಾತ್ರೆ ಎಬ್ಬಿಸಿ ಕೊಡ್ಲಾ, ಎದ್ದ ಮೇಲೆ ಕೊಡ್ಲಾ?"

ಮೊದಲು ಎಬ್ಬಿಸಿ ನೋಡಮ್ಮ ಅಂದೆ. ಆಕೆ ಕೂಗಿದಳು, ಭುಜ ಹಿಡಿದು ಅಲುಗಿಸಿದಳು. ಅಪ್ಪನ ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚಿಕೊಂಡಿತು. ಎದೆಯ ಮೇಲೆ ಕೈಯಿಟ್ಟು ಒಂದು ನಿಮಿಷ ಉಸಿರು ಎಣಿಸು ಅಂದೆ. ಎಣಿಸಿ ಹೇಳಿದಳು: ಏಳು. ಮಾತ್ರೆಯ ಮಾತು ಅಲ್ಲಿಗೇ ಬಿಟ್ಟು ಆಂಬ್ಯುಲೆನ್ಸ್ ಕರೆಸಿದೆವು. ಅವರು ಉಳಿದರು, ಮನೆಗೂ ಬಂದರು.

ಆಮೇಲೆ ಅವರ ಮಾತ್ರೆ ಚೀಲ ನೋಡಿದೆ. ಬೆನ್ನುನೋವಿಗೆ ಟ್ರಮಡಾಲ್, ಕಾಲಿನ ನರದ ಉರಿಗೆ ಪ್ರಿಗ್ಯಾಬಲಿನ್, ನಿದ್ದೆಗೆ ಕ್ಲೋನಾಜೆಪಾಮ್, ಕೆಮ್ಮಿಗೆ ಕೋಡೀನ್ ಇರುವ ಸಿರಪ್. ನಾಲ್ಕನ್ನೂ ವೈದ್ಯರೇ ಬರೆದದ್ದು, ಆದರೆ ಬೇರೆ ಬೇರೆ ದಿನ, ಬೇರೆ ಬೇರೆ ಕಡೆ. ಒಂದೊಂದನ್ನೇ ತೆಗೆದು ನೋಡಿದರೆ ಯಾವ ಅಳತೆಯೂ ತಪ್ಪಿರಲಿಲ್ಲ. ನಾಲ್ಕೂ ಒಂದೇ ರಾತ್ರಿ ಒಂದೇ ದೇಹದೊಳಗೆ ಹೋದವು. ನಾಲ್ಕನ್ನೂ ಒಟ್ಟಿಗೆ ಯಾರೂ ನೋಡಿರಲಿಲ್ಲ, ಅಷ್ಟೇ.

ಈ ಬರಹ ಇರುವುದು ಹಾಗೆ ಒಟ್ಟಿಗೆ ನೋಡುವುದು ಹೇಗೆ ಎಂಬುದಕ್ಕೆ. ಯಾರನ್ನೂ ಹೆದರಿಸುವುದಕ್ಕಲ್ಲ. ಕ್ಯಾನ್ಸರ್ ನೋವಿಗೆ, ದೊಡ್ಡ ಶಸ್ತ್ರಚಿಕಿತ್ಸೆಯ ನಂತರದ ನೋವಿಗೆ ಓಪಿಯಾಯ್ಡ್ ಎಂಬ ಮಾರ್ಫಿನ್ ಜಾತಿಯ ನೋವಿನ ಔಷಧಿಗಳಿಗೆ ಸಮನಾದದ್ದು ಕಡಿಮೆ. ಹೆದರಿ ಮಾತ್ರೆ ಬಿಟ್ಟು ನೋವಿನಲ್ಲಿ ನರಳುವವರನ್ನೂ ನಾನು ನೋಡಿದ್ದೇನೆ. ಅದೂ ಆಗಬಾರದು. ಇಲ್ಲಿರುವುದನ್ನು ಓದಿ ನೀವೇ ಮಾತ್ರೆ ಹೆಚ್ಚು ಕಡಿಮೆ ಮಾಡಬೇಡಿ. ಯಾವ ಪ್ರಶ್ನೆಯನ್ನು ಯಾರಿಗೆ ಕೇಳಬೇಕು ಎಂದು ತಿಳಿಯಲು ಓದಿ.

ಹಂತ 1: ನಿಮ್ಮ ಮಾತ್ರೆ ಓಪಿಯಾಯ್ಡ್ ಹೌದೇ ಎಂದು ಖಚಿತ ಮಾಡಿಕೊಳ್ಳಿ

ಸ್ಟ್ರಿಪ್ಪಿನ ಮೇಲೆ ದಪ್ಪ ಅಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಅದನ್ನು ಬಿಡಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿರುವ ಔಷಧಿಯ ಹೆಸರು ಓದಿ. ಮಾರ್ಫಿನ್, ಕೋಡೀನ್, ಟ್ರಮಡಾಲ್, ಟ್ಯಾಪೆಂಟಡಾಲ್, ಆಕ್ಸಿಕೋಡೋನ್, ಹೈಡ್ರೋಕೋಡೋನ್, ಹೈಡ್ರೋಮಾರ್ಫೋನ್, ಫೆಂಟಾನಿಲ್, ಮೆಥಡೋನ್, ಬುಪ್ರೆನಾರ್ಫಿನ್, ಪೆಥಿಡೀನ್, ಪೆಂಟಾಜೋಸಿನ್: ಇವುಗಳಲ್ಲಿ ಯಾವುದಿದ್ದರೂ ಅದು ಓಪಿಯಾಯ್ಡ್. ಪ್ಯಾರಸಿಟಮಾಲ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಈ ಗುಂಪಿಗೆ ಸೇರಿದವಲ್ಲ.

ಎರಡು ಕಡೆ ಜನ ಎಡವುತ್ತಾರೆ. ಒಂದು, ಜೋಡಿ ಮಾತ್ರೆ. ಟ್ರಮಡಾಲ್ ಮತ್ತು ಪ್ಯಾರಸಿಟಮಾಲ್ ಒಂದೇ ಮಾತ್ರೆಯಲ್ಲಿ ಸೇರಿರುತ್ತವೆ. ಅದನ್ನು ನುಂಗಿದವರು ಜ್ವರ ಬಂತೆಂದು ಮತ್ತೆ ಪ್ಯಾರಸಿಟಮಾಲ್ ನುಂಗುತ್ತಾರೆ. ಎರಡು, ನೋವಿಗಲ್ಲದ ಓಪಿಯಾಯ್ಡ್. ಕೆಮ್ಮಿನ ಸಿರಪ್ಪಿನಲ್ಲಿರುವ ಕೋಡೀನ್ ಕೂಡ ಅದೇ ಲೆಕ್ಕಕ್ಕೆ ಸೇರುತ್ತದೆ. ಬೇಧಿ ನಿಲ್ಲಿಸುವ ಲೋಪೆರಮೈಡ್ ಸಹ ಇದೇ ಕುಟುಂಬದ್ದು. ಅದು ಹೆಚ್ಚಾಗಿ ಕರುಳಿನಲ್ಲೇ ಕೆಲಸ ಮಾಡುತ್ತದೆ, ಆದರೆ ಮಲ ಕಟ್ಟುವುದರಲ್ಲಿ ನೋವಿನ ಮಾತ್ರೆಯ ಜೊತೆ ಕೈಜೋಡಿಸುತ್ತದೆ.

ಮಾತ್ರೆಯ ಹೆಸರಿನ ಪಕ್ಕ ಎಸ್‌ಆರ್, ಇಆರ್, ಸಿಆರ್ ಎಂದಿದೆಯೇ ಅದನ್ನೂ ನೋಡಿ. ಇದ್ದರೆ ಅದು 12 ಅಥವಾ 24 ಗಂಟೆ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ. ಅದನ್ನು ಅಗಿಯುವುದು, ಪುಡಿ ಮಾಡಿ ನೀರಿನಲ್ಲಿ ಕದಡುವುದು ಎಂದರೆ ಇಡೀ ದಿನದ ಔಷಧಿ ಒಂದೇ ಸಲಕ್ಕೆ ರಕ್ತಕ್ಕೆ ಸೇರಿದ ಹಾಗೆ. ನುಂಗಲು ಕಷ್ಟವಾದರೆ ಬೇರೆ ರೂಪದ ಔಷಧಿ ಕೇಳಿ.

ಹಂತ 2: ಮನೆಯಲ್ಲಿರುವುದನ್ನೆಲ್ಲ ಒಂದು ಮೇಜಿನ ಮೇಲೆ ಹರಡಿ

ಚೀಟಿಯಲ್ಲಿ ಬರೆದದ್ದು ಮಾತ್ರ ಸಾಲದು. ದಿಂಬಿನ ಕೆಳಗಿನ ಸ್ಟ್ರಿಪ್, ಕೈಚೀಲದ ಅಲರ್ಜಿ ಮಾತ್ರೆ, ಕಳೆದ ವರ್ಷ ಉಳಿದ ನಿದ್ದೆ ಮಾತ್ರೆ, ಮುಲಾಮು, ಚರ್ಮಕ್ಕೆ ಅಂಟಿಸುವ ಔಷಧಿ ಪಟ್ಟಿ, ಗಿಡಮೂಲಿಕೆಯ ಕ್ಯಾಪ್ಸೂಲ್, ಟಾನಿಕ್, ಎಲ್ಲವೂ ಬರಲಿ. ಪ್ರತಿಯೊಂದರ ಔಷಧಿಯ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತು, ಯಾರು ಬರೆದದ್ದು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಬೇರೆ ಬೇರೆ ಕಂಪನಿಯ ಹೆಸರಿನ ಎರಡು ಸ್ಟ್ರಿಪ್ಪಿನೊಳಗೆ ಒಂದೇ ಔಷಧಿ ಇರುವುದು ಅಪರೂಪವೇನಲ್ಲ, ಇಂಥದ್ದು ಈ ಹಾಳೆಯಲ್ಲಿ ಮಾತ್ರ ಸಿಕ್ಕಿಬೀಳುತ್ತದೆ. ಟ್ರಮಡಾಲ್‌ಗೆ ವಯಸ್ಕರಿಗೆ ದಿನದ ಗರಿಷ್ಠ ಮಿತಿ ಸಾಮಾನ್ಯವಾಗಿ 400 ಮಿಲಿಗ್ರಾಂ. ಎರಡು ಹೆಸರಿನಲ್ಲಿ ನುಂಗಿದರೆ ಆ ಗೆರೆ ದಾಟುವುದು ಸುಲಭ.

ಹಂತ 3: ನಿದ್ದೆ ತರಿಸುವ ಪ್ರತಿಯೊಂದಕ್ಕೂ ಗುರುತು ಹಾಕಿ

ಇಡೀ ಬರಹದಲ್ಲಿ ಒಂದೇ ಹಂತ ಮಾಡಲು ಪುರುಸೊತ್ತಿದೆ ಎಂದಾದರೆ ಇದನ್ನು ಮಾಡಿ.

ನಾವು ನಿದ್ದೆಯಲ್ಲಿದ್ದಾಗಲೂ ಉಸಿರಾಡುವುದು ಮಿದುಳಿನ ಬುಡದಲ್ಲಿ ಒಂದು ಕಾವಲು ಇರುವುದರಿಂದ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದೊಡನೆ ಅದು "ಉಸಿರೆಳೆ" ಎಂದು ಎದೆಯ ಸ್ನಾಯುಗಳಿಗೆ ಹೇಳುತ್ತದೆ. ಓಪಿಯಾಯ್ಡ್ ಆ ಕಾವಲನ್ನು ಮಂಕು ಮಾಡುತ್ತದೆ. ಸರಿಯಾದ ಅಳತೆಯಲ್ಲಿ ನಿಧಾನವಾಗಿ ಏರಿಸಿಕೊಂಡು ಹೋದಾಗ ದೇಹ ಹೊಂದಿಕೊಳ್ಳುತ್ತದೆ. ಅದರ ಮೇಲೆ ಮತ್ತೊಂದು ಮಂಪರಿನ ಔಷಧಿ ಬಿದ್ದರೆ ಎಚ್ಚರವೂ ಹೋಗುತ್ತದೆ, ನಾಲಗೆ ಗಂಟಲು ಸಡಿಲವಾಗಿ ಉಸಿರಿನ ದಾರಿಯೂ ಕಿರಿದಾಗುತ್ತದೆ. ಆ ಅಪ್ಪನ ಗೊರಕೆ ಅದೇ ಆಗಿತ್ತು.

ಗುರುತು ಹಾಕಬೇಕಾದವು ಇವು. ಡಯಜೆಪಾಮ್, ಅಲ್ಪ್ರಜೋಲಾಮ್, ಕ್ಲೋನಾಜೆಪಾಮ್, ಲೊರಾಜೆಪಾಮ್‌ನಂಥ ಬೆಂಜೋಡಯಜೆಪೈನ್‌ಗಳು. ಇವನ್ನು ಓಪಿಯಾಯ್ಡ್ ಜೊತೆ ಕೊಡುವುದರ ಬಗ್ಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರ ಆಗಸ್ಟ್‌ನಲ್ಲಿ ತನ್ನ ಅತ್ಯಂತ ಕಠಿಣ ದರ್ಜೆಯ, ಕಪ್ಪು ಚೌಕಟ್ಟಿನ ಎಚ್ಚರಿಕೆಯನ್ನು ಎರಡೂ ಬಗೆಯ ಔಷಧಿಗಳ ಮೇಲೆ ಹಾಕಿಸಿತು. ಜೋಲ್ಪಿಡೆಮ್‌ನಂಥ ನಿದ್ದೆ ಮಾತ್ರೆಗಳು. ಬ್ಯಾಕ್ಲೋಫೆನ್, ಟಿಜಾನಿಡಿನ್‌ನಂಥ ಸ್ನಾಯು ಸಡಿಲಿಸುವ ಮಾತ್ರೆಗಳು. ಮನಸ್ಸಿನ ಕಾಯಿಲೆಗೆ ಕೊಡುವ ಕ್ವೆಟಿಯಾಪಿನ್, ಒಲಾಂಜಪಿನ್, ಅಮಿಟ್ರಿಪ್ಟಿಲಿನ್.

ನರದ ನೋವಿಗೆ ಕೊಡುವ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು, ಏಕೆಂದರೆ ಇವನ್ನು ಯಾರೂ ನಿದ್ದೆ ಮಾತ್ರೆ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. 2019ರ ಡಿಸೆಂಬರ್‌ನಲ್ಲಿ ಎಫ್‌ಡಿಎ ಇವುಗಳಿಂದಲೂ ಉಸಿರಾಟ ಕುಗ್ಗಬಹುದೆಂದು ಎಚ್ಚರಿಸಿತು. ಓಪಿಯಾಯ್ಡ್ ಜೊತೆ ಸೇರಿದಾಗ, ಶ್ವಾಸಕೋಶದ ಕಾಯಿಲೆ ಇದ್ದಾಗ, ವಯಸ್ಸಾದವರಲ್ಲಿ ಅಪಾಯ ಹೆಚ್ಚು ಎಂದಿತು. ಇವು ಮೂತ್ರಪಿಂಡದ ಮೂಲಕವೇ ಹೊರಹೋಗುವ ಔಷಧಿಗಳು. ಕಿಡ್ನಿ ಕುಂದಿದವರಲ್ಲಿ ಅಳತೆ ತಗ್ಗಿಸದಿದ್ದರೆ ದಿನದಿಂದ ದಿನಕ್ಕೆ ಒಳಗೇ ಶೇಖರವಾಗುತ್ತವೆ.

ಇನ್ನುಳಿದದ್ದು ಚೀಟಿಯಿಲ್ಲದೆ ಕೈಗೆ ಸಿಗುವ ನೆಗಡಿ, ಅಲರ್ಜಿ, ಪ್ರಯಾಣದ ವಾಂತಿಯ ಮಾತ್ರೆಗಳು. ಕ್ಲೋರ್‌ಫೆನಿರಮೈನ್, ಪ್ರೊಮೆಥಜೀನ್, ಡೈಫೆನ್‌ಹೈಡ್ರಮೈನ್ ಮೂರೂ ಮಂಪರು ತರುತ್ತವೆ. ಜೊತೆಗೆ ಬಾಯಿ ಒಣಗಿಸಿ, ಮಲ ಮೂತ್ರ ಎರಡನ್ನೂ ಕಟ್ಟುತ್ತವೆ.

ಗುರುತು ಹಾಕಿದ್ದು ಒಂದೇ ಇದ್ದರೂ ಹಾಳೆ ಹಿಡಿದುಕೊಂಡು ನೋವಿನ ಮಾತ್ರೆ ಬರೆದ ವೈದ್ಯರ ಬಳಿ ಹೋಗಿ. ಎರಡೂ ಬೇಕೇ ಬೇಕು ಎಂಬ ಸಂದರ್ಭಗಳಿವೆ. ಆಗ ಅವರು ಎರಡರ ಅಳತೆಯನ್ನೂ ತಗ್ಗಿಸುತ್ತಾರೆ, ಹೊತ್ತು ಬದಲಿಸುತ್ತಾರೆ. ನೀವೇ ಹೆದರಿ ವರ್ಷಗಟ್ಟಲೆ ತೆಗೆದುಕೊಂಡ ಕ್ಲೋನಾಜೆಪಾಮ್ ಅನ್ನು ರಾತ್ರೋರಾತ್ರಿ ನಿಲ್ಲಿಸಬೇಡಿ. ಹಾಗೆ ನಿಲ್ಲಿಸಿದರೆ ಫಿಟ್ಸ್ ಬರಬಹುದು.

ಹಂತ 4: ಮದ್ಯದ ವಿಷಯದಲ್ಲಿ ಲೆಕ್ಕ ಹಾಕಲು ಹೋಗಬೇಡಿ

"ಮಾತ್ರೆ ಬೆಳಿಗ್ಗೆ ತಗೊಂಡಿದೀನಿ, ರಾತ್ರಿ ಒಂದು ಪೆಗ್ ಪರವಾಗಿಲ್ವಾ?" ವಾರಕ್ಕೆ ಎರಡು ಸಲವಾದರೂ ಕೇಳುವ ಪ್ರಶ್ನೆ ಇದು. ಕೇಳುವವರ ಮೇಲೆ ನನಗೆ ಕೋಪವಿಲ್ಲ, ಕೇಳಿದ್ದೇ ಒಳ್ಳೆಯದಾಯಿತು ಎನಿಸುತ್ತದೆ. ಉತ್ತರ ಮಾತ್ರ ಒಂದೇ: ಓಪಿಯಾಯ್ಡ್ ನಡೆಯುತ್ತಿರುವಷ್ಟು ದಿನ ಮದ್ಯ ಬೇಡ. 12 ಗಂಟೆಯ ಮಾತ್ರೆ ರಾತ್ರಿಯ ಹೊತ್ತಿಗೂ ರಕ್ತದಲ್ಲಿದೆ. ಪಟ್ಟಿ ಅಂಟಿಸಿಕೊಂಡವರಿಗಂತೂ ದಿನದ ಎಲ್ಲ ಗಂಟೆಯೂ ಮಾತ್ರೆಯ ಹೊತ್ತೇ. ಬಿಡುವು ಎಂಬುದೇ ಇಲ್ಲ.

ಮದ್ಯ ಮೊದಲು ಕೈಹಾಕುವುದು ಉಸಿರಿನ ಅದೇ ಕಾವಲಿಗೆ. ನಿದ್ದೆ ಮಾತ್ರೆ ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ. ಹಿಂದೆಲ್ಲ ಇಷ್ಟು ಕುಡಿದರೂ ಏನೂ ಆಗುತ್ತಿರಲಿಲ್ಲ ಎಂಬ ಅನುಭವ ಇಲ್ಲಿ ಉಪಯೋಗಕ್ಕೆ ಬಾರದು, ಆಗ ಮಾತ್ರೆ ಇರಲಿಲ್ಲ.

ಎರಡನೆಯದು ನಿಧಾನ ಬಿಡುಗಡೆಯ ಮಾತ್ರೆಗಳ ಕಥೆ. ಹೈಡ್ರೋಮಾರ್ಫೋನ್ ಇರುವ ಪ್ಯಾಲಡೋನ್ ಎಂಬ 24 ಗಂಟೆಯ ಕ್ಯಾಪ್ಸೂಲ್ ಅಮೆರಿಕದ ಮಾರುಕಟ್ಟೆಗೆ ಬಂದಿತ್ತು. ಒಳಗಿನ ಔಷಧಿಯನ್ನು ತಡೆಹಿಡಿದಿದ್ದ ಲೇಪ ಮದ್ಯದಲ್ಲಿ ಕರಗಿ, ಇಡೀ ದಿನಕ್ಕೆಂದು ಇಟ್ಟದ್ದು ಒಮ್ಮೆಗೇ ಹೊರಬೀಳುತ್ತದೆ ಎಂದು ಪರೀಕ್ಷೆಯಲ್ಲಿ ಕಂಡುಬಂತು. 2005ರ ಜುಲೈನಲ್ಲಿ ಅದರ ಮಾರಾಟವೇ ನಿಂತಿತು. ಎಲ್ಲ ನಿಧಾನ ಮಾತ್ರೆಗಳೂ ಹಾಗೆ ಕರಗುವುದಿಲ್ಲ. ನಿಮ್ಮ ಕೈಯಲ್ಲಿರುವುದು ಯಾವ ಬಗೆ ಎಂದು ಹೊರಗಿನಿಂದ ನೋಡಿ ಹೇಳಲಾಗದು.

ಇನ್ನು ಜೋಡಿ ಮಾತ್ರೆಯೊಳಗಿನ ಇನ್ನೊಂದು ಔಷಧಿ. ಪ್ಯಾರಸಿಟಮಾಲ್ ಇದ್ದರೆ, ನಿತ್ಯ ಕುಡಿಯುವವರ ಲಿವರ್ ಮೇಲೆ ಎರಡು ಹೊರೆ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 4 ಗ್ರಾಂ ಎನ್ನುವ ಮಿತಿ ಅಂಥವರಿಗೆ ಅನ್ವಯಿಸುವುದಿಲ್ಲ, ವೈದ್ಯರು ಅದಕ್ಕಿಂತ ಕಡಿಮೆ ಹೇಳುತ್ತಾರೆ. ಐಬುಪ್ರೊಫೆನ್‌ನಂಥದ್ದು ಇದ್ದರೆ ಹೊಟ್ಟೆಯೊಳಗೆ ರಕ್ತಸ್ರಾವದ ಭಯ.

ಪ್ರತಿದಿನ ಕುಡಿಯುವ ಅಭ್ಯಾಸ ಇದ್ದರೆ ಅದನ್ನು ಮುಚ್ಚಿಡಬೇಡಿ. ದೊಡ್ಡ ಪ್ರಮಾಣದಲ್ಲಿ ಕುಡಿಯುತ್ತಿದ್ದವರು ಮಾತ್ರೆ ಶುರುವಾಯಿತೆಂದು ಒಂದೇ ದಿನದಲ್ಲಿ ಮದ್ಯ ನಿಲ್ಲಿಸಿದರೆ ಕೈನಡುಕ, ಭ್ರಮೆ, ಫಿಟ್ಸ್ ಬರಬಹುದು. ಟ್ರಮಡಾಲ್ ಜೊತೆಗಿದ್ದರೆ ಫಿಟ್ಸ್ ಅಪಾಯ ಇನ್ನೂ ಮೇಲೆ. ಇದನ್ನು ವೈದ್ಯರ ಕಣ್ಗಾವಲಿನಲ್ಲೇ ಮಾಡಬೇಕು. ಕುಡಿತ ಬಿಡಿಸಲು ನಾಲ್ಟ್ರೆಕ್ಸೋನ್ ತೆಗೆದುಕೊಳ್ಳುತ್ತಿರುವವರಿಗೆ ಮತ್ತೊಂದು ತೊಡಕು: ಆ ಮಾತ್ರೆ ಓಪಿಯಾಯ್ಡ್ ಕೂರುವ ಜಾಗವನ್ನೇ ಮುಚ್ಚಿಬಿಡುತ್ತದೆ. ನೋವಿನ ಮಾತ್ರೆ ಕೆಲಸ ಮಾಡುವುದಿಲ್ಲ. ಓಪಿಯಾಯ್ಡ್‌ಗೆ ದೇಹ ಒಗ್ಗಿದವರು ನಾಲ್ಟ್ರೆಕ್ಸೋನ್ ನುಂಗಿದರೆ ಕೂಡಲೇ ವಾಂತಿ, ಬೇಧಿ, ಮೈಕೈ ನೋವು ಭುಗಿಲೇಳುತ್ತವೆ. ಅದನ್ನು ಶುರು ಮಾಡಲು ಓಪಿಯಾಯ್ಡ್ ಇಲ್ಲದೆ ಕನಿಷ್ಠ 7ರಿಂದ 10 ದಿನ ಕಳೆದಿರಬೇಕು, ಮೆಥಡೋನ್‌ನಂಥವಕ್ಕೆ ಇನ್ನೂ ಹೆಚ್ಚು.

ಕೆಲವು ಟಾನಿಕ್, ಕೆಮ್ಮಿನ ಔಷಧಿಗಳಲ್ಲೂ ಆಲ್ಕೋಹಾಲ್ ಇರುತ್ತದೆ. ಬಾಟಲಿಯ ಬೆನ್ನು ಓದಿ.

ಹಂತ 5: ಮಾತ್ರೆಯನ್ನು ಕರಗಿಸುವ ಲಿವರಿನ ದಾರಿಗೆ ಯಾರು ಅಡ್ಡ ಬರುತ್ತಾರೆ ನೋಡಿ

ಫೆಂಟಾನಿಲ್, ಆಕ್ಸಿಕೋಡೋನ್, ಮೆಥಡೋನ್‌ಗಳನ್ನು ಒಡೆಯುವುದರಲ್ಲಿ ಲಿವರಿನ ಸಿವೈಪಿ3ಎ4 ಎಂಬ ಕಿಣ್ವದ ಪಾತ್ರ ದೊಡ್ಡದು. ಆ ಕಿಣ್ವದ ಕೈ ಕಟ್ಟಿದರೆ ಔಷಧಿ ರಕ್ತದಲ್ಲೇ ಉಳಿಯುತ್ತದೆ. ಅಳತೆ ಬದಲಾಗಿರುವುದಿಲ್ಲ, ಪರಿಣಾಮ ಮಾತ್ರ ಏರುತ್ತಾ ಹೋಗುತ್ತದೆ. ಹಾಗೆ ಕೈ ಕಟ್ಟುವವು: ಎರಿಥ್ರೋಮೈಸಿನ್, ಕ್ಲಾರಿಥ್ರೋಮೈಸಿನ್ ಆ್ಯಂಟಿಬಯಾಟಿಕ್‌ಗಳು, ಶಿಲೀಂಧ್ರಕ್ಕೆ ಕೊಡುವ ಫ್ಲೂಕೊನಜೋಲ್, ಇಟ್ರಾಕೊನಜೋಲ್, ಕೀಟೊಕೊನಜೋಲ್, ಎಚ್‌ಐವಿಗೆ ಕೊಡುವ ರಿಟೊನಾವಿರ್, ಬಿ.ಪಿ. ಮತ್ತು ಹೃದಯಕ್ಕೆ ಕೊಡುವ ಡಿಲ್ಟಿಯಾಜೆಮ್, ವೆರಪಮಿಲ್. ಗ್ರೇಪ್‌ಫ್ರೂಟ್ ಹಣ್ಣಿನ ರಸವೂ ಈ ಪಟ್ಟಿಯಲ್ಲಿದೆ. ಎದೆಯ ಸೋಂಕಿಗೆಂದು ಏಳು ದಿನದ ಕೋರ್ಸ್ ಶುರುವಾದವರು ಎರಡು ಮೂರನೇ ದಿನಕ್ಕೆ ತೂಕಡಿಸತೊಡಗಿದರೆ, "ಸೋಂಕಿನ ಸುಸ್ತು" ಎಂದು ಸುಮ್ಮನಾಗಬೇಡಿ.

ಇದರ ತಿರುಗುಮುರುಗು ಇನ್ನೂ ಮೋಸದ್ದು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಕಾರ್ಬಮಜೆಪೀನ್, ಫೆನಿಟಾಯಿನ್, ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ: ಇವು ಕಿಣ್ವವನ್ನು ಹೆಚ್ಚಿಸುತ್ತವೆ. ನೋವಿನ ಔಷಧಿ ಬೇಗ ಬೇಗ ಕರಗುತ್ತದೆ. ಒಂದೆರಡು ವಾರದೊಳಗೆ ನೋವು ಮರಳಿ ಬರುತ್ತದೆ, ವೈದ್ಯರು ಅಳತೆ ಏರಿಸುತ್ತಾರೆ, ನೋವು ಹತೋಟಿಗೆ ಬರುತ್ತದೆ. ಇಲ್ಲಿಯವರೆಗೆ ಎಲ್ಲ ಸರಿ. ಮುಂದೆ ಒಂದು ದಿನ ಕ್ಷಯದ ಚಿಕಿತ್ಸೆ ಮುಗಿಯುತ್ತದೆ, ಮನೆಯವರಿಗೆಲ್ಲ ಸಂತೋಷ. ಹೆಚ್ಚಿದ ಕಿಣ್ವ ಸುಮಾರು ಎರಡು ವಾರಗಳಲ್ಲಿ ಹಳೆಯ ಮಟ್ಟಕ್ಕೆ ಇಳಿಯುತ್ತದೆ. ಏರಿಸಿದ ಅಳತೆ ಮಾತ್ರ ಇಳಿದಿರುವುದಿಲ್ಲ. ಹೊಸದೇನನ್ನೂ ಸೇರಿಸದೆ, ಒಂದನ್ನು ನಿಲ್ಲಿಸಿದ್ದರಿಂದಲೇ ಮಿತಿಮೀರುತ್ತದೆ. ಆದ್ದರಿಂದ ಯಾವುದೇ ಔಷಧಿ ಶುರುವಾಗುವಾಗ ಕೇಳುವ ಪ್ರಶ್ನೆಯನ್ನು ಅದು ಮುಗಿಯುವಾಗಲೂ ಕೇಳಿ.

ಕೋಡೀನ್ ಮತ್ತು ಟ್ರಮಡಾಲ್ ಲೆಕ್ಕ ಬೇರೆ. ಇವು ನೋವು ಕಳೆಯಬೇಕಾದರೆ ಲಿವರಿನ ಸಿವೈಪಿ2ಡಿ6 ಎಂಬ ಕಿಣ್ವ ಇವನ್ನು ಮೊದಲು ಬೇರೆ ರೂಪಕ್ಕೆ ತರಬೇಕು. ಕೋಡೀನ್ ಮಾರ್ಫಿನ್ ಆಗುತ್ತದೆ. ಖಿನ್ನತೆಗೆ ಕೊಡುವ ಫ್ಲೂಆಕ್ಸೆಟಿನ್, ಪ್ಯಾರಾಕ್ಸೆಟಿನ್, ಬುಪ್ರೊಪಿಯಾನ್ ಈ ಕಿಣ್ವವನ್ನು ತಡೆಯುತ್ತವೆ. ಆಗ ಮಾತ್ರೆ ನುಂಗಿದರೂ ನೋವು ಹಾಗೇ ಇರುತ್ತದೆ. "ಇವರಿಗೆ ಮಾತ್ರೆ ಚಟ" ಎಂದು ಮನೆಯವರೇ ಅನುಮಾನಪಡುವುದನ್ನು ಕೇಳಿದ್ದೇನೆ, ತಪ್ಪು ಅವರದ್ದಲ್ಲ. ಇನ್ನು ಕೆಲವರಲ್ಲಿ ಹುಟ್ಟಿನಿಂದಲೇ ಈ ಕಿಣ್ವ ಅತಿ ಚುರುಕು. ಸಾಮಾನ್ಯ ಅಳತೆಯೇ ಅವರಿಗೆ ವಿಷವಾಗಬಹುದು. 12 ವರ್ಷದೊಳಗಿನ ಮಕ್ಕಳಿಗೆ ಕೋಡೀನ್ ಕೊಡಲೇಬಾರದು, ನೋವಿಗೆ ಟ್ರಮಡಾಲ್ ಕೊಡಲೇಬಾರದು ಎಂದು 2017ರ ಏಪ್ರಿಲ್‌ನಲ್ಲಿ ಎಫ್‌ಡಿಎ ಹೇಳಿದ್ದು, ಹಾಲೂಡಿಸುವ ತಾಯಂದಿರೂ ಇವನ್ನು ತೆಗೆದುಕೊಳ್ಳಬಾರದೆಂದದ್ದು ಇದೇ ಕಾರಣಕ್ಕೆ. ದೊಡ್ಡವರ ಮಾತ್ರೆಯನ್ನು ಅರ್ಧ ಮುರಿದು ಮಗುವಿಗೆ ಕೊಡುವ ಯೋಚನೆಯೂ ಬೇಡ.

ಹಂತ 6: ಮನಸ್ಸಿನ ಔಷಧಿ, ಹೃದಯದ ಲಯ

ಟ್ರಮಡಾಲ್, ಪೆಥಿಡೀನ್, ಮೆಥಡೋನ್, ಟ್ಯಾಪೆಂಟಡಾಲ್, ಸ್ವಲ್ಪ ಮಟ್ಟಿಗೆ ಫೆಂಟಾನಿಲ್ ಕೂಡ, ಮಿದುಳಿನ ಸೆರೊಟೋನಿನ್ ಎಂಬ ರಾಸಾಯನಿಕದ ಜೊತೆ ಆಟವಾಡುತ್ತವೆ. ಖಿನ್ನತೆಗೆ ಕೊಡುವ ಸರ್ಟ್ರಲಿನ್, ಎಸ್ಸಿಟಲೊಪ್ರಾಮ್, ವೆನ್ಲಾಫಾಕ್ಸಿನ್, ಡ್ಯುಲಾಕ್ಸೆಟಿನ್, ಮೈಗ್ರೇನಿನ ಸುಮಾಟ್ರಿಪ್ಟಾನ್, ಆ್ಯಂಟಿಬಯಾಟಿಕ್ ಲಿನೆಜೋಲಿಡ್, ಕೆಮ್ಮಿನ ಡೆಕ್ಸ್‌ಟ್ರೋಮೆಥಾರ್ಫಾನ್ ಜೊತೆ ಸೇರಿದಾಗ ಸೆರೊಟೋನಿನ್ ಅತಿಯಾಗಬಹುದು. ಆಗ ಕಾಣುವುದು ಮಂಪರಲ್ಲ, ಅದಕ್ಕೆ ತದ್ವಿರುದ್ಧ: ಚಡಪಡಿಕೆ, ಬೆವರು, ನಡುಕ, ಬೇಧಿ, ಓಡುವ ನಾಡಿ, ಜ್ವರ, ಕಾಲುಗಳು ತಮ್ಮಷ್ಟಕ್ಕೆ ಅದುರುವುದು. ಇದು ತುರ್ತು ಸ್ಥಿತಿ.

ಖಿನ್ನತೆಗೆ ಕೊಡುವ, ಎಂಎಒ ಎಂಬ ಕಿಣ್ವವನ್ನು ತಡೆಯುವ ಫೆನೆಲ್ಜಿನ್, ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಸೆಲೆಜಿಲಿನ್, ರಸಾಜಿಲಿನ್ ತೆಗೆದುಕೊಳ್ಳುವವರಿಗೆ ಪೆಥಿಡೀನ್, ಟ್ರಮಡಾಲ್ ಸಲ್ಲದು. ನಿಲ್ಲಿಸಿದ ಮೇಲೂ 14 ದಿನ ಬಿಡಬೇಕು. 1984ರಲ್ಲಿ ನ್ಯೂಯಾರ್ಕ್‌ನ ಆಸ್ಪತ್ರೆಯೊಂದರಲ್ಲಿ ಫೆನೆಲ್ಜಿನ್ ತೆಗೆದುಕೊಳ್ಳುತ್ತಿದ್ದ 18 ವರ್ಷದ ಯುವತಿಗೆ ಪೆಥಿಡೀನ್ ಕೊಡಲಾಯಿತು. ಕೆಲವೇ ಗಂಟೆಗಳಲ್ಲಿ ಜ್ವರ ನೆತ್ತಿಗೇರಿ ಆಕೆ ತೀರಿಕೊಂಡಳು. ಕಿರಿಯ ವೈದ್ಯರು ಎಷ್ಟು ಗಂಟೆ ಕೆಲಸ ಮಾಡಬಹುದು ಎಂಬ ನಿಯಮವೇ ಆ ರಾಜ್ಯದಲ್ಲಿ ಆ ಸಾವಿನಿಂದ ಬದಲಾಯಿತು.

ಮೆಥಡೋನ್ ಹೃದಯದ ವಿದ್ಯುತ್ ಲಯವನ್ನೂ ಹಿಗ್ಗಿಸುತ್ತದೆ. ಎರಿಥ್ರೋಮೈಸಿನ್, ಹ್ಯಾಲೊಪೆರಿಡಾಲ್, ವಾಂತಿಗೆ ಕೊಡುವ ಒಂಡಾನ್‌ಸೆಟ್ರಾನ್, ಡೊಂಪೆರಿಡೋನ್ ಇವೂ ಅದನ್ನೇ ಮಾಡುತ್ತವೆ. ಹೀಗೆ ಸೇರುವ ಮೊದಲು ಇಸಿಜಿ ಬೇಕೇ ಎಂದು ಕೇಳಿ. ವಾರ್ಫರಿನ್ ತೆಗೆದುಕೊಳ್ಳುವವರಿಗೆ ಟ್ರಮಡಾಲ್ ಸೇರಿದರೆ ರಕ್ತ ಇನ್ನಷ್ಟು ತೆಳುವಾಗಬಹುದು, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ತೋರಿಸುವ ಐಎನ್‌ಆರ್ ಬೇಗ ಪರೀಕ್ಷಿಸಬೇಕು. ಶುಗರ್ ಮಾತ್ರೆಯವರಲ್ಲಿ ಟ್ರಮಡಾಲ್ ಸಕ್ಕರೆಯನ್ನು ತೀರಾ ಇಳಿಸಬಹುದು.

ಹಂತ 7: ನಿಮ್ಮ ಹಳೆಯ ಕಾಯಿಲೆಗಳನ್ನು ಹಾಳೆಯ ಇನ್ನೊಂದು ಬದಿಗೆ ಬರೆಯಿರಿ

ಶ್ವಾಸಕೋಶದಿಂದ ಶುರು ಮಾಡಿ. ಉಸಿರಿನ ದಾರಿ ಕಾಯಮ್ಮಾಗಿ ಕಿರಿದಾಗುವ ಸಿಒಪಿಡಿ, ಉಬ್ಬಸ, ಅತಿಯಾದ ಸ್ಥೂಲಕಾಯ ಇರುವವರಿಗೆ ಉಸಿರಿನ ಉಳಿತಾಯ ಮೊದಲೇ ಕಡಿಮೆ. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ಸ್ಲೀಪ್ ಆ್ಯಪ್ನಿಯಾ ಎಷ್ಟೋ ಜನರಿಗೆ ಇರುವುದೇ ಗೊತ್ತಿರುವುದಿಲ್ಲ. ಪಕ್ಕದಲ್ಲಿ ಮಲಗುವವರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ. ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರ ಕೊಟ್ಟಿದ್ದರೆ ಹಗಲಿನ ಸಣ್ಣ ನಿದ್ದೆಗೂ ಹಾಕಿಕೊಳ್ಳಿ.

ಕಿಡ್ನಿ ಕುಂದಿದವರಲ್ಲಿ ಮಾರ್ಫಿನ್‌ನಿಂದ ಆಗುವ ಉಪವಸ್ತುಗಳು ಹೊರಹೋಗದೆ ಉಳಿದು ಮಂಪರು, ಮೈ ಕುಲುಕು, ಉಸಿರು ಕುಗ್ಗುವಿಕೆ ತರುತ್ತವೆ. ಕೋಡೀನ್ ಕೂಡ ಅದೇ ದಾರಿ. ಟ್ರಮಡಾಲ್‌ನ ಹೊತ್ತು ದೂರ ಮಾಡಬೇಕು, ಅಳತೆ ತಗ್ಗಿಸಬೇಕು. ಅಂಥವರಿಗೆ ಫೆಂಟಾನಿಲ್, ಬುಪ್ರೆನಾರ್ಫಿನ್ ವಾಸಿ ಎಂದು ವೈದ್ಯರು ಆರಿಸುವುದುಂಟು. ಎರಡು ದಿನ ವಾಂತಿಬೇಧಿಯಾಗಿ ಮೈಯ ನೀರು ಒಣಗಿದರೂ ಕಿಡ್ನಿ ತಾತ್ಕಾಲಿಕವಾಗಿ ಸೋಲುತ್ತದೆ, ನಿನ್ನೆ ಸರಿಯಿದ್ದ ಅಳತೆ ಇಂದು ಹೆಚ್ಚಾಗುತ್ತದೆ. ಲಿವರ್ ಗಟ್ಟಿಯಾಗಿ ಕುಂದುವ ಸಿರೋಸಿಸ್ ಇರುವವರಲ್ಲಿ ಮಾತ್ರೆ ಕರಗುವುದು ನಿಧಾನ, ಅದರ ಮೇಲೆ ಮಲಬದ್ಧತೆಯೂ ಆದರೆ ಅಮೋನಿಯ ಏರಿ ಮಿದುಳು ಮಂಕಾಗುತ್ತದೆ.

ಮಲಬದ್ಧತೆಗೆ ದೇಹ ಎಂದಿಗೂ ಒಗ್ಗಿಕೊಳ್ಳುವುದಿಲ್ಲ, ಮಾತ್ರೆ ಇರುವಷ್ಟು ದಿನವೂ ಅದು ಇರುತ್ತದೆ. ಅದಕ್ಕೇ ಸೆನ್ನಾ, ಲ್ಯಾಕ್ಟುಲೋಸ್, ಮ್ಯಾಕ್ರೊಗಾಲ್‌ನಂಥದ್ದನ್ನು ಮೊದಲ ದಿನದಿಂದಲೇ ಬರೆದುಕೊಡುತ್ತಾರೆ. ಹೊಟ್ಟೆ ಉಬ್ಬಿ, ಗಾಳಿಯೂ ಹೋಗದೆ, ವಾಂತಿ ಶುರುವಾದರೆ ಕರುಳು ಕಟ್ಟಿರಬಹುದು, ಬೇಧಿ ಮಾಡಿಸುವ ಮಾತ್ರೆ ನುಂಗದೆ ಆಸ್ಪತ್ರೆಗೆ ಹೋಗಿ. ಪ್ರೊಸ್ಟೇಟ್ ಊದಿದ ಗಂಡಸರಿಗೆ ಮೂತ್ರ ಕಟ್ಟಬಹುದು. ಪಿತ್ತನಾಳದ ಬಾಗಿಲಿನ ಸ್ನಾಯು ಬಿಗಿಯುವುದರಿಂದ ಪಿತ್ತಕಲ್ಲು, ಮೇದೋಜೀರಕದ ಉರಿಯೂತ ಇದ್ದವರು ಹೇಳಬೇಕು.

ಫಿಟ್ಸ್ ಇತಿಹಾಸ ಇದ್ದರೆ ಟ್ರಮಡಾಲ್ ಬೇಡವೆಂದು ಬಾಯಿಬಿಟ್ಟು ಹೇಳಿ. ತಲೆಗೆ ಪೆಟ್ಟು ಬಿದ್ದವರಿಗೆ ಮನೆಯಲ್ಲಿದ್ದ ಮಾತ್ರೆ ಕೊಡಬೇಡಿ, ತಲೆಯೊಳಗಿನ ಒತ್ತಡ ಏರುತ್ತದೆ, ಕಣ್ಣಿನ ಪಾಪೆ ಕಿರಿದಾಗಿ ವೈದ್ಯರಿಗೆ ಗುರುತೂ ಸಿಗುವುದಿಲ್ಲ. ಬಿ.ಪಿ. ಮಾತ್ರೆಯವರು ಹಾಸಿಗೆಯಿಂದ ಥಟ್ಟನೆ ಏಳಬಾರದು, ಮೊದಲು ಕೂತು ಆಮೇಲೆ ನಿಲ್ಲಬೇಕು. ಹೃದಯಾಘಾತದ ಹೊತ್ತಿನಲ್ಲಿ ಕೊಡುವ ಕ್ಲೊಪಿಡೊಗ್ರೆಲ್, ಟಿಕಾಗ್ರೆಲೋರ್ ರಕ್ತಕ್ಕೆ ಸೇರುವುದನ್ನು ಮಾರ್ಫಿನ್ ತಡಮಾಡುತ್ತದೆ, ಅದನ್ನು ವೈದ್ಯರು ನೋಡಿಕೊಳ್ಳುತ್ತಾರೆ. ಥೈರಾಯ್ಡ್ ಕಡಿಮೆ ಇರುವವರು, ಅಡ್ರಿನಲ್ ಗ್ರಂಥಿ ಕುಂದಿದವರು, ಗರ್ಭಿಣಿಯರು ಶುರುವಿಗೆ ಮೊದಲೇ ತಿಳಿಸಿ.

ಫೆಂಟಾನಿಲ್ ಪಟ್ಟಿ ಹಾಕಿಕೊಂಡವರಿಗೆ ಜ್ವರವೇ ಒಂದು ಅಪಾಯ. ಚರ್ಮ ಬಿಸಿಯಾದಷ್ಟೂ ಔಷಧಿ ಬೇಗ ಒಳಗೆ ಇಳಿಯುತ್ತದೆ. ಒಬ್ಬ ಅಜ್ಜಿಗೆ ಬೆನ್ನು ಹಿಡಿದಿದೆಯೆಂದು ಮೊಮ್ಮಗ ಪ್ರೀತಿಯಿಂದ ಬಿಸಿನೀರಿನ ಚೀಲ ಇಟ್ಟಿದ್ದ, ಸರಿಯಾಗಿ ಪಟ್ಟಿಯ ಮೇಲೇ. ಬಿಸಿ ಚೀಲ, ಹೀಟಿಂಗ್ ಪ್ಯಾಡ್, ಬಿಸಿನೀರಿನ ತೊಟ್ಟಿ ಯಾವುದೂ ಬೇಡ. ಪಟ್ಟಿ ಕಿತ್ತ ಮೇಲೂ ಚರ್ಮದಡಿ ಸೇರಿದ್ದು ಗಂಟೆಗಟ್ಟಲೆ ರಕ್ತಕ್ಕೆ ಬರುತ್ತಲೇ ಇರುತ್ತದೆ.

ಹಂತ 8: ರಾತ್ರಿ ಉಸಿರು ಎಣಿಸುವುದನ್ನು ಕಲಿಯಿರಿ

ಹೊಸದಾಗಿ ಶುರುವಾದಾಗ, ಅಳತೆ ಏರಿಸಿದಾಗ, ಜೊತೆಗೆ ಬೇರೆ ಔಷಧಿ ಸೇರಿದಾಗ ಮೊದಲ ಎರಡು ಮೂರು ದಿನ ಇದನ್ನು ಮಾಡಿ. ಮಲಗಿರುವವರ ಹೊಟ್ಟೆ, ಎದೆ ಏರಿ ಇಳಿಯುವುದನ್ನು ಒಂದು ಪೂರ್ತಿ ನಿಮಿಷ ಗಡಿಯಾರ ನೋಡಿ ಎಣಿಸಿ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡಿ, ನಡುವೆ ಉಸಿರು ನಿಲ್ಲುವುದು ತಪ್ಪಿಹೋಗುತ್ತದೆ. ವಯಸ್ಕರಲ್ಲಿ ಸಾಮಾನ್ಯವಾಗಿ 12ರಿಂದ 20. ಅದಕ್ಕಿಂತ ಕಡಿಮೆಯಿದ್ದರೆ ಎಬ್ಬಿಸಿ. ಪೂರ್ತಿ ಎಚ್ಚರವಾಗಿ ಮಾತಾಡಿದರೂ ವೈದ್ಯರಿಗೆ ಫೋನ್ ಮಾಡದೆ ಮುಂದಿನ ಮಾತ್ರೆ ಕೊಡಬೇಡಿ.

ಎಬ್ಬಿಸಿದರೂ ಏಳದಿದ್ದರೆ, ಉಸಿರು 8ರ ಆಸುಪಾಸಿಗೆ ಇಳಿದಿದ್ದರೆ, ಗಂಟಲಲ್ಲಿ ಗೊರಗೊರ ಸದ್ದು ಬರುತ್ತಿದ್ದರೆ, ತುಟಿ ಉಗುರು ನೀಲಿಯಾಗಿದ್ದರೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದ್ದರೆ ಒಂದು ಕ್ಷಣವೂ ಕಾಯಬೇಡಿ. ಆಂಬ್ಯುಲೆನ್ಸ್ ಕರೆಯಿರಿ. ಪಟ್ಟಿ ಇದ್ದರೆ ಕಿತ್ತುಹಾಕಿ. ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ, ವಾಂತಿಯಾದರೂ ಗಂಟಲಿಗೆ ಹೋಗದ ಹಾಗೆ. ಉಸಿರು ನಿಂತಿದ್ದರೆ ತಲೆ ಹಿಂದಕ್ಕೆ ಬಾಗಿಸಿ ಬಾಯಿಂದ ಉಸಿರು ಕೊಡಿ, ಎದೆ ಒತ್ತಿ. ಗೊತ್ತಿಲ್ಲದಿದ್ದರೆ ಫೋನಿನಲ್ಲಿ ಅವರು ಹೇಳಿದ ಹಾಗೆ ಮಾಡಿ. ಮುಖಕ್ಕೆ ನೀರೆರಚುವುದು, ನಡೆಸುವುದು, ಕಾಫಿ ಕುಡಿಸುವುದು ಯಾವುದೂ ಬೇಡ.

ನಾಲಾಕ್ಸೋನ್ ಎಂಬ ಔಷಧಿ ಓಪಿಯಾಯ್ಡ್ ಅನ್ನು ಅದರ ಜಾಗದಿಂದ ಎಬ್ಬಿಸಿ ಓಡಿಸುತ್ತದೆ. ಕೆಲವು ದೇಶಗಳಲ್ಲಿ ಮೂಗಿಗೆ ಸಿಂಪಡಿಸುವ ರೂಪದಲ್ಲಿ ಮನೆಯಲ್ಲೇ ಇಟ್ಟುಕೊಳ್ಳಲು ಸಿಗುತ್ತದೆ. ಸಿಗುವಂತಿದ್ದರೆ ವೈದ್ಯರನ್ನು ಕೇಳಿ ಇಟ್ಟುಕೊಳ್ಳಿ. ಕೊಟ್ಟು ಎರಡು ಮೂರು ನಿಮಿಷದಲ್ಲಿ ಚೇತರಿಕೆ ಕಾಣದಿದ್ದರೆ ಮತ್ತೆ ಕೊಡಬೇಕು. ಅದರ ಬಲ ಇರುವುದು 30ರಿಂದ 90 ನಿಮಿಷ. ನಿಧಾನ ಮಾತ್ರೆಯ ಬಲ ಅದಕ್ಕಿಂತ ಉದ್ದ. ಎದ್ದು ಕೂತು "ನಾನು ಸರಿಯಾಗಿದೀನಿ" ಎಂದರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು. ನಿದ್ದೆ ಮಾತ್ರೆ, ಮದ್ಯಗಳನ್ನು ಅದು ಇಳಿಸುವುದಿಲ್ಲ.

ಹಂತ 9: ನಡುವೆ ಬಿಟ್ಟು ಮತ್ತೆ ಶುರು ಮಾಡುವಾಗ

ವಾರಗಟ್ಟಲೆ ತೆಗೆದುಕೊಂಡವರು ಥಟ್ಟನೆ ನಿಲ್ಲಿಸಿದರೆ ಬೆವರು, ಆಕಳಿಕೆ, ಮೈಕೈ ನೋವು, ಬೇಧಿ, ನಿದ್ದೆಗೇಡು ಬರುತ್ತವೆ. ಅದು ಚಟದ ಗುರುತಲ್ಲ, ದೇಹ ಒಗ್ಗಿಕೊಂಡದ್ದರ ಗುರುತು. ವೈದ್ಯರು ಹಂತ ಹಂತವಾಗಿ ಇಳಿಸಿಕೊಡುತ್ತಾರೆ. ಮಾರ್ಫಿನ್‌ಗೆ ಒಗ್ಗಿದವರಿಗೆ ಬೇರೊಬ್ಬರು ಪೆಂಟಾಜೋಸಿನ್ ಅಥವಾ ಬುಪ್ರೆನಾರ್ಫಿನ್ ಕೊಟ್ಟುಬಿಟ್ಟರೆ ಇದೇ ಲಕ್ಷಣಗಳು ಏಕಾಏಕಿ ಬರಬಹುದು. ಹೊಸ ವೈದ್ಯರ ಬಳಿ ಹೋದಾಗ, ಹಲ್ಲು ಕೀಳಿಸಲು ಹೋದಾಗಲೂ, ಆ ಹಾಳೆ ಕೈಯಲ್ಲಿರಲಿ. ಬಾಯಿಮಾತಿನಲ್ಲಿ "ನೋವಿನ ಮಾತ್ರೆ ತಗೋತೀನಿ" ಎಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಆಸ್ಪತ್ರೆಯಲ್ಲಿದ್ದೋ, ಊರಿಗೆ ಹೋಗಿದ್ದಾಗ ಮಾತ್ರೆ ಮುಗಿದೋ ಕೆಲವು ದಿನ ತಪ್ಪಿತೆನ್ನಿ. ಒಗ್ಗಿಕೊಂಡಿದ್ದ ದೇಹ ಅಷ್ಟರಲ್ಲಿ ಆ ಒಗ್ಗಿಕೆಯನ್ನು ಕಳೆದುಕೊಂಡಿರುತ್ತದೆ. ಬಿಟ್ಟಾಗ ಇದ್ದ ಅಳತೆಯಲ್ಲೇ ಮತ್ತೆ ಶುರು ಮಾಡುವುದು ಪ್ರಾಣಕ್ಕೆ ಬರಬಹುದು. ಫೋನ್ ಮಾಡಿ, ಎಷ್ಟು ದಿನ ತಪ್ಪಿದೆ ಎಂದು ಹೇಳಿ, ಎಷ್ಟರಿಂದ ಶುರು ಮಾಡಬೇಕೆಂದು ಕೇಳಿ, ಆ ಸಂಖ್ಯೆಯನ್ನು ಹಾಳೆಯಲ್ಲಿ ಹಳೆಯದನ್ನು ಹೊಡೆದುಹಾಕಿ ಬರೆಯಿರಿ.